ಡಿಸ್ಕೌಂಟ್ ದರದೊಳಗೆ ಅಡಗಿರುವ ಗ್ರಾಹಕ: ವರ್ತನಾ ವಿಜ್ಞಾನ ಮತ್ತು ಇಂಧನ ಮಾದರಿ ಸೇರುವ ಜಾಗ

ಸಂಶೋಧನೆಯ ಆರಂಭದಲ್ಲಿರುವ ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆದಿದ್ದೇನೆ. ಒಬ್ಬರು ಜನ ಯಾಕೆ ಹೀಗೆ ನಡೆದುಕೊಳ್ಳುತ್ತಾರೆಂದು ಸಮೀಕ್ಷೆ, ಪ್ರಯೋಗಗಳಲ್ಲಿ ಹುಡುಕುವವರು. ಇನ್ನೊಬ್ಬರು 2050ರ ಹೊತ್ತಿಗೆ ದೇಶದ ವಿದ್ಯುತ್, ಸಾರಿಗೆ, ಅಡುಗೆ ಇಂಧನ ಹೇಗಿರಬಹುದೆಂದು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕುವವರು. ಇವರಿಬ್ಬರೂ ಸೇರಿ ಕೆಲಸ ಮಾಡಬೇಕೆಂದು ಈಗ ಎಲ್ಲರೂ ಹೇಳುತ್ತಾರೆ. ಯಾವ ಜಾಗದಲ್ಲಿ ಸೇರಬೇಕೆಂದು ಹೇಳುವವರು ಕಡಿಮೆ. ಮಾದರಿಯ ಡಿಸ್ಕೌಂಟ್ ದರದಿಂದ, ಅಂದರೆ ಮುಂದೆ ಸಿಗುವ ಹಣವನ್ನು ವರ್ಷಕ್ಕೆ ಇಷ್ಟೆಂದು ಕುಗ್ಗಿಸಿ ಇಂದಿನ ಬೆಲೆಯಲ್ಲಿ ಎಣಿಸುವ ದರದಿಂದ, ಶುರುಮಾಡಿ ಎಂಬುದು ನನ್ನ ಸಲಹೆ.

ಮೊದಲು ಮಾದರಿಯ ಒಳಗುಟ್ಟು. ಮಾರ್ಕಲ್, ಅದರ ಮುಂದಿನ ತಲೆಮಾರಾದ ಟೈಮ್ಸ್, ಆಸ್ಟ್ರಿಯಾದ ಲಾಕ್ಸೆನ್‌ಬರ್ಗ್‌ನಲ್ಲಿರುವ ಐಐಎಎಸ್‌ಎ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಮೆಸೇಜ್ ಮುಂತಾದ ಇಂಧನ ಮಾದರಿಗಳು ಮೂಲತಃ ಒಂದೇ ಪ್ರಶ್ನೆ ಕೇಳುತ್ತವೆ: ಬೇಕಾದ ಬೆಳಕು, ಓಡಾಟ, ತಂಪು ಇವನ್ನೆಲ್ಲ ಒದಗಿಸಲು ಒಟ್ಟು ಖರ್ಚು ಅತಿ ಕಡಿಮೆಯಾಗುವ ತಂತ್ರಜ್ಞಾನಗಳ ಜೋಡಣೆ ಯಾವುದು? ಎಲ್ಲವನ್ನೂ ಬಲ್ಲ ಒಬ್ಬನೇ ಯೋಜಕ ಕುಳಿತು ತೀರ್ಮಾನಿಸುತ್ತಾನೆ ಎಂಬ ಊಹೆ ಅದರ ಬೆನ್ನಿಗಿದೆ. ಆ ಯೋಜಕನ ಕೈಗೆ ಲೆಕ್ಕ ಬಿಟ್ಟರೆ ದಕ್ಷ ಫ್ಯಾನು, ದಕ್ಷ ಫ್ರಿಜ್, ವಿದ್ಯುತ್ ಸ್ಕೂಟರುಗಳು ಮೊದಲ ವರ್ಷವೇ ಎಲ್ಲ ಮನೆಗಳಿಗೂ ಬಂದುಬಿಡುತ್ತವೆ. ವಾಸ್ತವದಲ್ಲಿ ಹಾಗಾಗುವುದಿಲ್ಲ. ಆಗ ಮಾದರಿಕಾರರು ಸುಲಭದ ಉಪಾಯಕ್ಕೆ ಕೈಹಾಕುತ್ತಾರೆ. ಗ್ರಾಹಕರ ವಿಭಾಗಕ್ಕೆ ಮಾತ್ರ ಡಿಸ್ಕೌಂಟ್ ದರವನ್ನು ಶೇ 5ರ ಬದಲು ಶೇ 20, 30 ಎಂದು ಏರಿಸುತ್ತಾರೆ. ನಾಳಿನ ಉಳಿತಾಯದ ಬೆಲೆ ಇಂದಿನ ಕಣ್ಣಿಗೆ ಕುಗ್ಗುತ್ತದೆ, ಖರೀದಿ ನಿಧಾನವಾಗುತ್ತದೆ, ರೇಖಾಚಿತ್ರ ವಾಸ್ತವಕ್ಕೆ ಹತ್ತಿರ ಬರುತ್ತದೆ.

ಈ ಉಪಾಯಕ್ಕೆ ಪುರಾವೆಯ ಆಧಾರವೂ ಇದೆ. 1979ರಲ್ಲಿ ಅರ್ಥಶಾಸ್ತ್ರಜ್ಞ ಜೆರ್ರಿ ಹೌಸ್‌ಮನ್ ಅಮೆರಿಕದ ಮನೆಗಳಲ್ಲಿ ಕೋಣೆಯ ಏಸಿ ಖರೀದಿಯನ್ನು ಅಧ್ಯಯನ ಮಾಡಿ, ಜನ ಸುಮಾರು ಶೇ 20ರ ಡಿಸ್ಕೌಂಟ್ ದರ ಇಟ್ಟುಕೊಂಡವರಂತೆ ನಡೆದುಕೊಳ್ಳುತ್ತಾರೆ ಎಂದು ತೋರಿಸಿದರು. ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಹೆಚ್ಚು ಬೆಲೆಬಾಳುವಂಥದ್ದು: ವರಮಾನ ಹೆಚ್ಚಿದಂತೆ ಆ ದರ ಇಳಿಯುತ್ತದೆ. ಮಾದರಿಗಳು ಮೊದಲನೆಯದನ್ನು ಎತ್ತಿಕೊಂಡು ಎರಡನೆಯದನ್ನು ಬಹುಕಾಲ ಮರೆತವು.

ಈಗ ಒಂದು ಲೆಕ್ಕ. ಅಂಕಿಗಳು ಉದಾಹರಣೆಗಾಗಿ ನಾನೇ ಇಟ್ಟುಕೊಂಡವು. ಸಾಧಾರಣ ಸೀಲಿಂಗ್ ಫ್ಯಾನು 75 ವ್ಯಾಟ್, ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್. ಹೊಸದಕ್ಕೆ 1,500 ರೂಪಾಯಿ ಹೆಚ್ಚು. ದಿನಕ್ಕೆ 10 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ 135 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಎಂದರೆ ವರ್ಷಕ್ಕೆ 810 ರೂಪಾಯಿ. ಎರಡು ವರ್ಷದೊಳಗೆ ಹಾಕಿದ ಹಣ ವಾಪಸು. ಫ್ಯಾನು ಹತ್ತು ವರ್ಷ ಬಾಳುತ್ತದೆಂದುಕೊಂಡರೆ, ಇದನ್ನು ಕೊಳ್ಳದವರ ಡಿಸ್ಕೌಂಟ್ ದರ ಶೇ 50ಕ್ಕೂ ಮೇಲಿದೆ ಎಂದು ಮಾದರಿ ಓದುತ್ತದೆ. ಅರ್ಥಾತ್, ಜನ ದೂರದೃಷ್ಟಿಯಿಲ್ಲದವರು.

ಇದೇ ಫ್ಯಾನನ್ನು ಕರ್ನಾಟಕದ ಮನೆಗಳಿಗೆ ತನ್ನಿ. 2023ರ ಆಗಸ್ಟ್‌ನಿಂದ ಗೃಹ ಜ್ಯೋತಿ ಎಂಬ ಉಚಿತ ವಿದ್ಯುತ್ ಯೋಜನೆಯಲ್ಲಿ, ಜುಲೈ ತಿಂಗಳ ಬಳಕೆಯಿಂದ ಮೊದಲ್ಗೊಂಡು, ಶೂನ್ಯ ಬಿಲ್ ಬರತೊಡಗಿತು. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ, ಪ್ರತಿ ಮನೆಗೂ ತಿಂಗಳಿಗೆ ಒಂದು ಉಚಿತ ಮಿತಿ. (ತೀರಾ ಕಡಿಮೆ ಬಳಸುವವರಿಗೆ ನಂತರ ಶೇ 10ರ ಬದಲು 10 ಯೂನಿಟ್ ಎಂದಾಯಿತು.) ಮಿತಿ ದಾಟಿದರೂ 200ರ ಒಳಗಿದ್ದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್. ಫ್ಯಾನು ತಿಂಗಳಿಗೆ ಉಳಿಸುವುದು ಸುಮಾರು 11 ಯೂನಿಟ್. ಮಿತಿಯೊಳಗೇ ಇರುವ ಮನೆಗೆ ಅದರಿಂದ ಆಗುವ ಲಾಭ ಸೊನ್ನೆ. ಆ ಮನೆಯವರು ಫ್ಯಾನು ಕೊಳ್ಳದಿರುವುದು ಶುದ್ಧ ವಿವೇಕ, ಅವರ ಡಿಸ್ಕೌಂಟ್ ದರ ಎಷ್ಟೇ ಇರಲಿ. ಮಿತಿ 80 ಇದ್ದು ತಿಂಗಳಿಗೆ 95 ಯೂನಿಟ್ ಬಳಸುವ ಮನೆಗೆ 11 ಯೂನಿಟ್‌ಗೂ ಪೂರ್ತಿ ಬೆಲೆ ಸಿಗುತ್ತದೆ. 200ರ ಮಿತಿಯಿದ್ದು 210ರಲ್ಲಿ ನಿಂತಿರುವ ಮನೆಯದು ಇನ್ನೂ ಸ್ವಾರಸ್ಯ: 199ಕ್ಕೆ ಇಳಿದರೆ 1,260 ರೂಪಾಯಿಯ ಬಿಲ್ ಪೂರ್ತಿ ಮಾಯ, ಎರಡೇ ತಿಂಗಳೊಳಗೆ ಫ್ಯಾನಿನ ಹೆಚ್ಚುವರಿ ಬೆಲೆ ಕೈಸೇರುತ್ತದೆ. ವಸ್ತು ಒಂದೇ, ತಂತ್ರಜ್ಞಾನ ಒಂದೇ, ಲೆಕ್ಕ ಮೂರು. ಇಷ್ಟನ್ನೂ ಶೇ 30 ಎಂಬ ಒಂದು ಅಂಕಿಯೊಳಗೆ ತುರುಕಿದರೆ ಆ ಅಂಕಿ ಮನುಷ್ಯರ ಬಗ್ಗೆ ಏನನ್ನೂ ಹೇಳುವುದಿಲ್ಲ. ನಾಳೆ ಸರ್ಕಾರ ಮಿತಿಯ ನಿಯಮ ಬದಲಿಸಿದರೆ ಅಂಕಿ ಹೇಗೆ ಬದಲಾಗಬೇಕೆಂದೂ ಅದು ತಿಳಿಸುವುದಿಲ್ಲ. ಇಲ್ಲೊಂದು ಎಚ್ಚರಿಕೆ ವರ್ತನಾ ವಿಜ್ಞಾನದವರಿಗೂ ಬೇಕು. ದರಪಟ್ಟಿ ಓದುವ ಮೊದಲೇ ಪೂರ್ವಗ್ರಹ, ಆಲಸ್ಯ ಎಂದು ಹಣೆಪಟ್ಟಿ ಹಚ್ಚುವ ಚಾಳಿ ನಮ್ಮಲ್ಲಿ ಹೆಚ್ಚು.

ಈ ಕಗ್ಗಂಟನ್ನು ಬೆಂಗಳೂರಿನಲ್ಲಿ ಕುಳಿತೇ ಬಿಡಿಸಲು ಹೊರಟವರು ಅಮೂಲ್ಯ ರೆಡ್ಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್‌ರಸಾಯನ ಶಾಸ್ತ್ರಜ್ಞರಾಗಿದ್ದ ಅವರು 1974ರಲ್ಲಿ ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಕೇಂದ್ರ ಕಟ್ಟಿದವರು. 1991ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಡಿಫೆಂಡಸ್ ಎಂಬ ಯೋಜನಾ ಚಿತ್ರಣದಲ್ಲಿ, 2000ನೇ ಇಸವಿಗೆ ಕರ್ನಾಟಕಕ್ಕೆ ಬೇಕಾಗುವ ವಿದ್ಯುತ್ತು ಸರ್ಕಾರಿ ಸಮಿತಿಯ ಅಂದಾಜಿನ ಅರ್ಧಕ್ಕಿಂತ ಕಡಿಮೆ ಸಾಕೆಂದು ವಾದಿಸಿದರು. ಸಮಿತಿ ಹಳೆಯ ಬೆಳವಣಿಗೆಯ ಗೆರೆಯನ್ನು ಮುಂದಕ್ಕೆ ಎಳೆದಿತ್ತು. ರೆಡ್ಡಿ ಯಾರಿಗೆ, ಯಾವ ಕೆಲಸಕ್ಕೆ, ಯಾವ ಸಾಧನದಿಂದ ಎಂದು ಕೇಳಿದರು. ಅದೇ ವರ್ಷ ಇನ್ನೊಂದು ಲೇಖನದಲ್ಲಿ ದಕ್ಷತೆಗೆ ಅಡ್ಡಿಯಾಗುವ ಗ್ರಾಹಕರನ್ನು ಬಗೆಬಗೆಯಾಗಿ ವಿಂಗಡಿಸಿದರು: ತಿಳಿಯದವರು, ಬಡವರು ಅಥವಾ ಮೊದಲ ಬೆಲೆಗೇ ಬೆಚ್ಚುವವರು, ಉದಾಸೀನರು, ಅಸಹಾಯಕರು, ಅನಿಶ್ಚಿತತೆಗೆ ಹೆದರುವವರು, ಬೇರೆಯವರು ಕೊಂಡ ಅದಕ್ಷ ಸಾಧನದ ಬಾಧ್ಯತೆ ಹೊತ್ತವರು. ಕೊನೆಯ ಗುಂಪನ್ನು ಯಾವ ಬಾಡಿಗೆದಾರನೂ ಗುರುತಿಸಬಲ್ಲ. ನನ್ನ ದೃಷ್ಟಿಯಲ್ಲಿ ಈ ಪಟ್ಟಿ ಇಂದಿಗೂ ಜಂಟಿ ಸಂಶೋಧನೆಗೆ ಅತ್ಯುತ್ತಮ ಆರಂಭ, ಏಕೆಂದರೆ ಪ್ರತಿ ಬಗೆಗೂ ಮಾದರಿಯಲ್ಲಿ ಬೇರೆ ಜಾಗವಿದೆ. ತಿಳಿಯದವರು ಆಯ್ಕೆಯ ಪಟ್ಟಿಯನ್ನೇ ನೋಡದವರು; ಅವರನ್ನು ಜನಸಂಖ್ಯೆಯ ಪಾಲಾಗಿ ಬರೆಯಬೇಕು. ಬಡವರಿಗೆ ಸಾಲದ ಬಡ್ಡಿ ಮತ್ತು ನಗದಿನ ಮಿತಿ. ಬಾಡಿಗೆದಾರರಿಗೆ, ಕೊಳ್ಳುವವನೂ ಬಿಲ್ ಕಟ್ಟುವವನೂ ಬೇರೆ ಎಂಬ ನಿರ್ಬಂಧ. ನಿಜವಾದ ಡಿಸ್ಕೌಂಟ್ ದರಕ್ಕೆ ಆಮೇಲೆ ಉಳಿಯುವುದು ಸ್ವಲ್ಪವೇ.

ಜಾಗತಿಕ ಮಾದರಿಗಳು ಈ ದಾರಿ ಹಿಡಿದದ್ದು ತಡವಾಗಿ. ಮೆಸೇಜ್ ಮಾದರಿಯ ಸಾರಿಗೆ ಭಾಗದಲ್ಲಿ ಕಾರು ಕೊಳ್ಳುವವರನ್ನು 27 ಗುಂಪುಗಳಾಗಿ ಒಡೆದರು: ನಗರ, ಉಪನಗರ, ಗ್ರಾಮೀಣ ವಾಸ; ಕಡಿಮೆ, ಸರಾಸರಿ, ಹೆಚ್ಚು ಓಡಾಟ; ಹೊಸದನ್ನು ಬೇಗ, ನಡುವೆ, ತಡವಾಗಿ ಒಪ್ಪುವ ಸ್ವಭಾವ. ಚಾರ್ಜಿಂಗ್ ಸಿಗುವುದೋ ಇಲ್ಲವೋ ಎಂಬ ಆತಂಕ, ಹೊಸ ವಸ್ತುವಿನ ಬಗೆಗಿನ ಅಳುಕು ಇವುಗಳಿಗೆ ಹಣದ ರೂಪ ಕೊಟ್ಟು ವಾಹನದ ಬೆಲೆಗೆ ಸೇರಿಸಿದರು. ಇದರ ತಳಹದಿ ಬಂದದ್ದು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಮಾದರಿಯಿಂದ. ಬಹುಪಾಲು ಜನ ದ್ವಿಚಕ್ರ ವಾಹನ ಓಡಿಸುವ ನಮ್ಮ ಕಡೆ ಆ ಆತಂಕದ ಬೆಲೆಯೇ ಬೇರೆ. ಇಲ್ಲಿನ ಯುವ ಸಂಶೋಧಕರಿಗೆ ಖಾಲಿ ಬಿದ್ದಿರುವ ಹೊಲ ಇದು.

ಪ್ರಯೋಗದ ಅಂಕಿಯನ್ನು ಮಾದರಿಗೆ ದಾಟಿಸುವಾಗ ಎರಡು ಪ್ರಶ್ನೆ ತಪ್ಪಿಸಬಾರದು. ಮೊದಲನೆಯದು, ಪರಿಣಾಮ ಎಷ್ಟು ಕಾಲ ಬಾಳುತ್ತದೆ? ಅಮೆರಿಕದಲ್ಲಿ ನೆರೆಮನೆಗಳ ಬಳಕೆಗೆ ಹೋಲಿಸಿ ಮನೆಗೆ ವರದಿ ಕಳುಹಿಸಿದ ಓಪವರ್ ಕಂಪನಿಯ ಪ್ರಯೋಗಗಳಲ್ಲಿ ಸರಾಸರಿ ಶೇ 2ರಷ್ಟು ವಿದ್ಯುತ್ ಉಳಿಯಿತು. ಎರಡು ವರ್ಷದ ಬಳಿಕ ವರದಿ ನಿಲ್ಲಿಸಿದ ಕಡೆ ಪರಿಣಾಮ ವರ್ಷಕ್ಕೆ ಶೇ 10ರಿಂದ 20ರಷ್ಟು ಕರಗಿತು. 2050ರ ಮಾದರಿಯಲ್ಲಿ ಆ ಶೇ 2ನ್ನು ಶಾಶ್ವತವೆಂದು ಬರೆದರೆ ಲೆಕ್ಕ ಸುಳ್ಳಾಗುತ್ತದೆ.

ಎರಡನೆಯದು, ಆಯ್ಕೆ ಒಮ್ಮೆ ಮಾಡುವಂಥದ್ದೋ ದಿನವೂ ಮಾಡುವಂಥದ್ದೋ? ಜರ್ಮನಿಯಲ್ಲಿ ವಿದ್ಯುತ್ ಒಪ್ಪಂದದ ವೇಳೆ ಹಸಿರು ವಿದ್ಯುತ್ತನ್ನು ಮೊದಲೇ ಗುರುತು ಹಾಕಿಟ್ಟಾಗ ಶೇ 69 ಮಂದಿ ಅದನ್ನು ಹಾಗೇ ಉಳಿಸಿಕೊಂಡರು. ತಾವೇ ಗುರುತು ಹಾಕಬೇಕಿದ್ದಾಗ ಶೇ 7 ಮಾತ್ರ ಆರಿಸಿದರು. ಭಾರತದಲ್ಲಿ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೋಣೆ ಏಸಿಗಳು 24 ಡಿಗ್ರಿಯ ಪೂರ್ವನಿಗದಿಯೊಂದಿಗೆ ಬರಬೇಕೆಂದಾಯಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಮಾತು. ಜರ್ಮನಿಯ 69ನ್ನು ತಂದು ಈ 6ರ ಜೊತೆ ಗುಣಿಸುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಒಪ್ಪಂದಕ್ಕೆ ಸಹಿ ಒಂದೇ ಸಲ. ರಿಮೋಟ್ ಪ್ರತಿ ರಾತ್ರಿಯೂ ಕೈಯಲ್ಲಿರುತ್ತದೆ. ಮೊದಲ ಜಂಟಿ ಲೇಖನಕ್ಕೆ ನಿತ್ಯದ ಅಭ್ಯಾಸಕ್ಕಿಂತ ಖರೀದಿಯ ನಿರ್ಧಾರವನ್ನೇ ಆರಿಸಿಕೊಳ್ಳಿ ಎನ್ನುವುದು ಇದಕ್ಕೇ: ಕೊಂಡ ವಸ್ತು ವರ್ಷಗಟ್ಟಲೆ ಮನೆಯಲ್ಲಿರುತ್ತದೆ, ಮಾದರಿಯೂ ಅದನ್ನು ಎಣಿಸಬಲ್ಲದು.

ಖರೀದಿಯಲ್ಲೂ ಕಾರಣಗಳು ಹೆಣೆದುಕೊಂಡಿರುತ್ತವೆ. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ ಎಲ್‌ಇಡಿ ಬಲ್ಬಿನ ಸಗಟು ಖರೀದಿ ಬೆಲೆ ಸುಮಾರು 310 ರೂಪಾಯಿಯಿಂದ ಕೆಲವೇ ವರ್ಷಗಳಲ್ಲಿ 40ಕ್ಕಿಂತ ಕೆಳಗಿಳಿಯಿತು. ಅದರ ಜೊತೆಗೇ ಹಲವೆಡೆ ಬಿಲ್ಲಿನಲ್ಲೇ ಕಂತು ಕಟ್ಟುವ ಸೌಲಭ್ಯ, ಸರ್ಕಾರದ ಮುದ್ರೆಯ ಭರವಸೆ. ಮಾದರಿಕಾರರು ಬೆಲೆ ಇಳಿಕೆಗೆ ಎಲ್ಲ ಶ್ರೇಯ ಕೊಡುತ್ತಾರೆ, ವರ್ತನಾ ವಿಜ್ಞಾನದವರು ಕಂತಿಗೆ. ಎರಡೂ ಒಟ್ಟಿಗೆ ಬಂದ ಕಡೆಯ ದತ್ತಾಂಶದಿಂದ ಇಬ್ಬರ ಜಗಳ ಬಗೆಹರಿಯದು.

ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2022ರ ವರದಿಯ ಬಗ್ಗೆ ಒಂದು ಮಾತು. ಬೇಡಿಕೆಯ ಬದಿಯ ಕ್ರಮಗಳಿಂದ 2050ರ ಹೊತ್ತಿಗೆ ಕಟ್ಟಡ, ಸಾರಿಗೆ, ಆಹಾರದಂಥ ಅಂತಿಮ ಬಳಕೆಯ ವಲಯಗಳ ಹಸಿರುಮನೆ ಅನಿಲ ಹೊರಸೂಸುವಿಕೆ ಶೇ 40ರಿಂದ 70ರಷ್ಟು ತಗ್ಗಬಹುದೆಂದು ಅದು ಹೇಳಿತು. ಇದನ್ನು "ಜನ ಬದಲಾದರೆ ಸಾಕು" ಎಂದು ಉಲ್ಲೇಖಿಸುವವರು ಬಹಳ. ಆ ಅಂಕಿಯಲ್ಲಿ ಮೂಲಸೌಕರ್ಯವೂ ತಂತ್ರಜ್ಞಾನದ ಬಳಕೆಯೂ ಸೇರಿವೆ. ಬಸ್ಸೇ ಇಲ್ಲದ ಊರಿನಲ್ಲಿ ಬಸ್ ಹತ್ತುವ ಮನಸ್ಸು ಇದ್ದು ಏನು ಉಪಯೋಗ?

ಜೊತೆಗಾರರು ಎಲ್ಲಿ ಸಿಗುತ್ತಾರೆ? ಐಐಎಎಸ್‌ಎ 1977ರಿಂದ ನಡೆಸುತ್ತಿರುವ ಯುವ ವಿಜ್ಞಾನಿಗಳ ಬೇಸಿಗೆ ಕಾರ್ಯಕ್ರಮ ಮೂರು ತಿಂಗಳ ಅವಧಿಯದು, ಪಿಎಚ್.ಡಿ. ವಿದ್ಯಾರ್ಥಿಗಳಿಗೆಂದೇ ಇರುವುದು. ಎಲ್ಲಿ ಸಿಕ್ಕರೂ ಲೇಖಕರ ಹೆಸರಿನ ಕ್ರಮವನ್ನು ಮೊದಲ ವಾರವೇ ಮಾತಾಡಿಕೊಳ್ಳಿ. ಅರ್ಥಶಾಸ್ತ್ರದಲ್ಲಿ ಅಕ್ಷರಾನುಕ್ರಮ ಸಾಮಾನ್ಯ, ಮನೋವಿಜ್ಞಾನದಲ್ಲಿ ಕೆಲಸದ ಪಾಲು.

ಕರ್ನಾಟಕದಲ್ಲಿರುವವರಿಗೆ ಪ್ರಶ್ನೆಯೊಂದು ಸಿದ್ಧವಾಗಿಯೇ ಇದೆ. ಮೀಟರ್ ಸಂಖ್ಯೆ, ಹೆಸರುಗಳನ್ನು ತೆಗೆದ ಮಾಸಿಕ ಬಳಕೆಯ ದತ್ತಾಂಶ ಸಿಕ್ಕರೆ, 2023ರ ಜುಲೈಗೆ ಮೊದಲಿನ ಮತ್ತು ನಂತರದ ಬಳಕೆಯ ಹಂಚಿಕೆಯನ್ನು ಪಕ್ಕಪಕ್ಕ ಬರೆಯಿರಿ. 200ರ ಸ್ವಲ್ಪ ಕೆಳಗೆ ಹೊಸ ದಿಬ್ಬ ಎದ್ದಿದ್ದರೆ, ಅಂದರೆ ಅಲ್ಲಿ ನಿಂತ ಮನೆಗಳು ಹೆಚ್ಚಿದ್ದರೆ, ಜನ ಮೀಟರ್ ನೋಡಿ ಬಳಸುತ್ತಿದ್ದಾರೆ; ಅಂಥವರನ್ನು ಶೇ 30ರ ದರದಲ್ಲಿ ಮುಳುಗಿಸಲಾಗದು. ದಿಬ್ಬ ಇಲ್ಲದಿದ್ದರೆ ಎರಡು ಕಾರಣ ಸಾಧ್ಯ: ತಿಂಗಳ ನಡುವೆ ಎಷ್ಟು ಬಳಸಿದೆವೆಂದು ಅವರಿಗೆ ತಿಳಿಯುತ್ತಿಲ್ಲ, ಅಥವಾ ತಿಳಿದರೂ ಕಡಿಮೆ ಮಾಡಲು ಆಗುತ್ತಿಲ್ಲ. ಇವೆರಡನ್ನು ಬೇರ್ಪಡಿಸಲು ಸಮೀಕ್ಷೆ ಬೇಕು, ಬೇರ್ಪಡಿಸಿದ್ದನ್ನು 2040ರ ಬೇಡಿಕೆಯ ಅಂದಾಜಿಗೆ ಸೇರಿಸಲು ಮಾದರಿ ಬೇಕು.