ಓಡಿಹೋದ ಜೋಡಿ ಎಲ್ಲಿದೆ ಅಂತ ಮನೆಯವ್ರಿಗೆ ಹೆಂಗೆ ಗೊತ್ತಾಗುತ್ತೆ?

ಪ್ರಶ್ನೆ: ಎಸ್ಟೇಟ್ ಸಾಹುಕಾರ್ರ ಮಗಳು, ಲೈನ್ ಮನೆ (ತೋಟದ ಕೂಲಿಯವ್ರ ಸಾಲು ಮನೆ) ಹುಡುಗ ಬೆಂಗ್ಳೂರಿಗೆ ಓಡೋಗ್ತಾರೆ. ರಿಜಿಸ್ಟರ್ ಮದ್ವೆಗೆ ಅರ್ಜಿ ಹಾಕಿ ಹದಿನೈದು ದಿನ ಆಗಿರಲ್ಲ, ಅಣ್ಣಂದಿರು ಮಚ್ಚು ಹಿಡ್ಕೊಂಡು ಬಾಗ್ಲಲ್ಲಿ ನಿಂತಿರ್ತಾರೆ. ಕ್ರೈಮ್ ಸಿನಿಮಾದಲ್ಲಿ ತೋರ್ಸೋ ಇದು ನಿಜಾನಾ, ಇಲ್ಲ ಡೈರೆಕ್ಟರ್ ಬಿಡೋ ರೀಲಾ?

ರೀಲಲ್ಲ ಮಾರಾಯ್ರೆ. ಮೊಬೈಲ್ ಟವರ್ ಗಿವರ್ ಏನೂ ಬೇಡ, ಅಡ್ರೆಸ್ಸನ್ನ ಕಾನೂನೇ ಕೊಡುತ್ತೆ. 1954ರ ವಿಶೇಷ ವಿವಾಹ ಕಾಯ್ದೆಲಿ ಮದ್ವೆ ಆಗ್ಬೇಕಂದ್ರೆ ಇಬ್ರಲ್ಲಿ ಒಬ್ರಾದ್ರೂ ಆ ಜಿಲ್ಲೆಲಿ 30 ದಿನ ಇದ್ದಿರ್ಬೇಕು, ನೋಟಿಸ್ ಕೊಟ್ಮೇಲೆ ಮತ್ತೆ 30 ದಿನ ಕಾಯ್ಬೇಕು, ಅಷ್ಟು ದಿನ ಹೆಸ್ರು, ವಯಸ್ಸು, ಕೆಲ್ಸ, ವಿಳಾಸ ಎಲ್ಲಾ ಇರೋ ಆ ನೋಟಿಸ್ಸು ಸಬ್ ರಿಜಿಸ್ಟ್ರಾರ್ ಆಫೀಸಿನ ಬೋರ್ಡಲ್ಲಿ ನೇತಾಡ್ತಾ ಇರುತ್ತೆ. ಖಾಯಂ ವಿಳಾಸ ಬೇರೆ ಜಿಲ್ಲೆದಾದ್ರೆ ಒಂದು ಕಾಪಿ ಅಲ್ಲಿನ ಆಫೀಸಿಗೂ ಹೋಗುತ್ತೆ, ಅವ್ರೂ ಅಂಟಿಸ್ಬೇಕು. ಅಂದ್ರೆ ಮೂಡಿಗೆರೆ ಹುಡುಗಿ ಬೆಂಗ್ಳೂರಲ್ಲಿ ಅರ್ಜಿ ಕೊಟ್ರೂ ಸುದ್ದಿ ತಿರುಗಿ ಚಿಕ್ಕಮಗಳೂರು ಜಿಲ್ಲೆಗೇ ಬರುತ್ತೆ!

ಸಬ್ ರಿಜಿಸ್ಟ್ರಾರ್ ಆಫೀಸಂದ್ರೆ ನಮ್ ಕಡೆ ತೋಟದ ವ್ಯವಹಾರದವ್ರೇ ತುಂಬಿರೋ ಜಾಗ. ಇಸಿ (ಜಮೀನಿನ ಋಣಭಾರ ಪತ್ರ) ತೆಗ್ಸೋಕೆ ಬಂದ ಎಸ್ಟೇಟ್ ರೈಟರ್ರು, ಅಂದ್ರೆ ತೋಟದ ಲೆಕ್ಕ ಬರೆಯೋರು, ಸುಮ್ನೆ ಕೂತು ಬೇಜಾರಾಗಿ ಬೋರ್ಡ್ ಕಡೆ ಕಣ್ಣಾಡಿಸ್ತಾರೆ ಅಂದ್ಕೊಳಿ, ಸಾಹುಕಾರ್ರ ಮಗಳ ಹೆಸ್ರು, ಪಕ್ಕದಲ್ಲೇ ತಾನು ದಿನಾ ಹಾಜ್ರಿ ಹಾಕ್ತಿದ್ದ ಹುಡುಗನ ಹೆಸ್ರು. ಸಂಜೆ ಕಾಫಿ ಹೊತ್ತಿಗೆ ಬಂಗ್ಲೆಗೆ ಸುದ್ದಿ. ನನ್ನ ಕೇಳಿದ್ರೆ ಮಚ್ಚಿನ ಸೀನಿಗಿಂತ ಈ ಸೀನೇ ಹೆದ್ರಿಕೆ ಹುಟ್ಸುತ್ತೆ, ಆದ್ರೆ ಇದನ್ನ ಯಾರೂ ಶೂಟ್ ಮಾಡಲ್ಲ.

ತಕರಾರು ಯಾರು ಬೇಕಾದ್ರೂ ಹಾಕ್ಬೋದು, ಆದ್ರೆ ಜಾತಿ ಬೇರೆ, ಹುಡುಗ ಬಡವ, ನಮ್ಗೆ ಇಷ್ಟ ಇಲ್ಲ ಅನ್ನೋದಕ್ಕೆಲ್ಲ ಬೆಲೆ ಇಲ್ಲ. ಹುಡುಗನಿಗೆ 21, ಹುಡುಗಿಗೆ 18 ಆಗಿಲ್ಲ, ಮೊದ್ಲೇ ಮದ್ವೆ ಆಗಿದೆ, ಹತ್ರದ ರಕ್ತಸಂಬಂಧ, ಇಂಥದ್ದಿದ್ರೆ ಮಾತ್ರ. 2018ರಲ್ಲಿ ಸುಪ್ರೀಂ ಕೋರ್ಟು ಇಂಥಾ ಜೋಡಿಗಳಿಗೆ ರಕ್ಷಣೆ ಕೊಡ್ಬೇಕು, ಪ್ರತಿ ಜಿಲ್ಲೆಲೂ ಸ್ಪೆಷಲ್ ಸೆಲ್ ಇರ್ಬೇಕು ಅಂತ ಹೇಳಿದೆ, ಸಿನಿಮಾದ ಹೀರೋ ಮಾತ್ರ ಅತ್ತ ತಲೆ ಹಾಕಲ್ಲ ಬಿಡಿ.

ಇನ್ನೊಂದು, ಇಬ್ರೂ ಹಿಂದೂಗಳಾಗಿ ಜಾತಿ ಮಾತ್ರ ಬೇರೆ ಆಗಿದ್ರೆ ಈ ದಾರಿನೇ ಬೇಕಾಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಲಿ ಶಾಸ್ತ್ರ ಮಾಡ್ಕೊಂಡು ಆಮೇಲೆ ರಿಜಿಸ್ಟರ್ ಮಾಡ್ಸಿದ್ರಾಯ್ತು, ಅಲ್ಲಿ ಈ 30 ದಿನದ ನೋಟಿಸ್ ಇಲ್ಲ. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ, ಆಮೇಲೆ 'ನೋಟಿಸ್ ನೋಡಿ ಬಂದ್ರು' ಅಂತ ಕಥೆ ಹೇಳಿದ್ರೆ ಅಲ್ಲಿ ರೈಟರ್ ಹೋಮ್‌ವರ್ಕ್ ಮಾಡಿಲ್ಲ ಅಂತ್ಲೇ ಲೆಕ್ಕ. ಸ್ಕ್ರಿಪ್ಟ್ ರೈಟರ್, ಎಸ್ಟೇಟ್ ರೈಟರ್ ಅಲ್ಲ.