ಕೆಲವು ಕಾರುಗಳ ರೂಪಕ್ಕೆ ಬೇಗ ವಯಸ್ಸಾಗುವುದೇಕೆ?

1959ರ ಕ್ಯಾಡಿಲಾಕ್ ಕಾರಿನ ಫೋಟೋ ತೋರಿಸಿದರೆ ಅದು ಯಾವ ಕಾಲದ್ದು ಅಂತ ಯಾರಾದರೂ ಹೇಳಿಬಿಡುತ್ತಾರೆ. ಹಿಂಭಾಗದಲ್ಲಿ ಎದ್ದು ನಿಂತ ಎರಡು ರೆಕ್ಕೆ, ರೆಕ್ಕೆಗೆ ಅಂಟಿಕೊಂಡ ಗುಂಡಿನ ಆಕಾರದ ಕೆಂಪು ದೀಪಗಳು, ಮೈತುಂಬ ಕ್ರೋಮ್. ಎರಡೇ ವರ್ಷ ಬಿಟ್ಟು ಅದೇ ಅಮೆರಿಕದಲ್ಲಿ 1961ರ ಲಿಂಕನ್ ಕಾಂಟಿನೆಂಟಲ್ ಬಂತು. ಸಪಾಟಾದ ಪಕ್ಕೆಗಳು, ಮುಂದಿನಿಂದ ಹಿಂದಿನವರೆಗೆ ಎಳೆದ ಒಂದೇ ಗೆರೆ, ರೆಕ್ಕೆ ಇಲ್ಲ. ಇದರ ಫೋಟೋ ನೋಡಿದವರು 1975 ಅಂದರೂ ಆಶ್ಚರ್ಯವಿಲ್ಲ. ಎರಡೂ ದುಡ್ಡಿದ್ದವರ ಕಾರು. ಎರಡರಲ್ಲೂ ವಿ8 ಎಂಜಿನ್, ಎರಡಕ್ಕೂ ಉಕ್ಕಿನ ತಗಡಿನ ಮೈ. ಆದರೂ ಒಂದು ತನ್ನ ಕಾಲಕ್ಕೆ ಅಂಟಿಕೊಂಡಿತು, ಇನ್ನೊಂದು ಬಿಡಿಸಿಕೊಂಡಿತು.

ರೆಕ್ಕೆ ಬಂದದ್ದು ವಿಮಾನದಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ತನ್ನ ಡಿಸೈನರುಗಳಿಗೆ ಲಾಕ್‌ಹೀಡ್ ಪಿ-38 ಯುದ್ಧವಿಮಾನ ತೋರಿಸಿದ. ಅದಕ್ಕೆ ಜೋಡಿ ಬಾಲ. ಆ ಬಾಲದ ನೆನಪು ಅದೇ ಕಂಪನಿಯ 1948ರ ಕ್ಯಾಡಿಲಾಕ್ ಮೇಲೆ ಸಣ್ಣ ಉಬ್ಬಾಗಿ ಕಾಣಿಸಿಕೊಂಡಿತು. ಮುಂದಿನ ಹತ್ತು ವರ್ಷ ಆ ಉಬ್ಬು ಬೆಳೆಯುತ್ತಲೇ ಹೋಯಿತು. ಬೇರೆ ಕಂಪನಿಗಳೂ ರೆಕ್ಕೆ ಹಚ್ಚಿದವು. 1957ರಲ್ಲಿ ಕ್ರೈಸ್ಲರ್ ಇನ್ನೂ ಎತ್ತರದ ರೆಕ್ಕೆ ತಂದಾಗ ಜನರಲ್ ಮೋಟಾರ್ಸ್ ಅದನ್ನೂ ಮೀರಿಸಲು ಹೊರಟಿತು. ಅದರ ಫಲವೇ 1959ರ ಕಾರು. ಅಲ್ಲಿಂದ ಮೇಲೆ ಹೋಗಲು ಜಾಗವೇ ಇರಲಿಲ್ಲ. 1965ರ ಮಾಡೆಲ್ ಬರುವ ಹೊತ್ತಿಗೆ ಕ್ಯಾಡಿಲಾಕ್ ರೆಕ್ಕೆ ಹೆಚ್ಚುಕಡಿಮೆ ಮಾಯವಾಗಿತ್ತು.

ಇದು ಡಿಸೈನರುಗಳ ಹುಚ್ಚಾಟ ಮಾತ್ರ ಅಲ್ಲ. ಇದರ ಹಿಂದೆ ಲೆಕ್ಕಾಚಾರವಿತ್ತು. 1920ರ ದಶಕದಲ್ಲಿ ಫೋರ್ಡ್ ಕಂಪನಿ ಒಂದೇ ಮಾಡೆಲ್ ಟಿ ಕಾರನ್ನು ವರ್ಷಗಟ್ಟಲೆ ಮಾರುತ್ತಿತ್ತು. ಜನರಲ್ ಮೋಟಾರ್ಸಿನ ಮುಖ್ಯಸ್ಥ ಆಲ್‌ಫ್ರೆಡ್ ಸ್ಲೋನ್ ಬೇರೆ ದಾರಿ ಹಿಡಿದ. ಒಳಗಿನ ಯಂತ್ರ ಅದೇ ಇರಲಿ, ಹೊರಗಿನ ರೂಪ ವರ್ಷ ವರ್ಷ ಬದಲಾಗಲಿ ಎಂದ. 1927ರಲ್ಲಿ ಅರ್ಲ್‌ನನ್ನು ಕರೆತಂದು ರೂಪಕ್ಕಾಗಿಯೇ ಒಂದು ವಿಭಾಗ ತೆರೆದ. ಹೋದ ವರ್ಷ ಕೊಂಡ ಕಾರು ಈ ವರ್ಷ ಹಳೆಯದಾಗಿ ಕಾಣಬೇಕು, ಆಗ ತಾನೇ ಹೊಸದು ಮಾರಾಟವಾಗುವುದು? ಅಂದರೆ ಬೇಗ ಮುಪ್ಪಾಗುವ ಗುಣವನ್ನು ಆ ಕಾರುಗಳಿಗೆ ಬೇಕೆಂದೇ ಕೊಟ್ಟಿದ್ದರು. ಅರ್ಲ್ ಇದನ್ನು ಮುಚ್ಚಿಡಲೂ ಇಲ್ಲ.

ಲಿಂಕನ್ ಆಗ ನಷ್ಟದಲ್ಲಿದ್ದ ಬ್ರಾಂಡ್. ಅದರ 1960ರ ಕಾರು 5.7 ಮೀಟರಿಗೂ ಉದ್ದವಿತ್ತು. ಡಿಸೈನರ್ ಎಲ್ವುಡ್ ಎಂಗೆಲ್ ನೇತೃತ್ವದಲ್ಲಿ ಬಂದ 1961ರ ಕಾರು ಅದಕ್ಕಿಂತ ಒಂದಡಿಗೂ ಹೆಚ್ಚು ಗಿಡ್ಡ. ರೂಪವನ್ನು ವರ್ಷ ವರ್ಷ ಬದಲಿಸುವ ಚಟವನ್ನೂ ಬಿಟ್ಟರು. ಸಣ್ಣಪುಟ್ಟ ತಿದ್ದುಪಡಿ ಮಾಡಿಕೊಂಡು 1969ರವರೆಗೆ ಅದೇ ಆಕಾರ ನಡೆಯಿತು. ಹಾಗೆ ನಡೆಯಲು ಆ ಕಾರಿನಲ್ಲಿ ಏನಿತ್ತು ಅನ್ನೋದನ್ನು ನೋಡುವ ಮೊದಲು ನಮ್ಮ ಕಣ್ಣಿನ ಕಡೆ ಸ್ವಲ್ಪ ತಿರುಗಬೇಕು.

ರಸ್ತೆಯಲ್ಲಿ ದಿನವೂ ನೂರಾರು ಕಾರು ಕಾಣುತ್ತೇವೆ. ಅವೆಲ್ಲ ಸೇರಿ ‘ಕಾರು ಅಂದರೆ ಹೀಗೆ’ ಎನ್ನುವ ಒಂದು ಸರಾಸರಿ ರೂಪ ನಮ್ಮ ತಲೆಯಲ್ಲಿ ಕೂರುತ್ತದೆ. ಹೊಸ ಕಾರು ಆ ಸರಾಸರಿಗೆ ಹತ್ತಿರವಿದ್ದರೆ ಮಿದುಳಿಗೆ ಅದನ್ನು ಗುರುತಿಸುವುದು ಸುಲಭ. ಸುಲಭವಾದದ್ದು ಇಷ್ಟವಾಗುತ್ತದೆ. ಸಂಶೋಧಕ ಯಾನ್ ಲ್ಯಾಂಡ್‌ವೆರ್ ಮತ್ತು ಜೊತೆಗಾರರು ಜರ್ಮನಿಯಲ್ಲಿ ಇದನ್ನು ಅಳೆದು ನೋಡಿದರು. ಹಲವು ಕಾರುಗಳ ಮುಂಭಾಗದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿ ಒಂದು ಸರಾಸರಿ ಮುಖ ಮಾಡಿದರು. ಒಂದೊಂದು ಕಾರು ಆ ಮುಖದಿಂದ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಿ ಮಾರಾಟದ ಅಂಕಿಗಳ ಜೊತೆ ಇಟ್ಟು ನೋಡಿದರು. ಈ ದೂರವನ್ನೂ ಸೇರಿಸಿಕೊಂಡಾಗ ಮಾರಾಟದ ಅಂದಾಜು ಇನ್ನಷ್ಟು ನಿಖರವಾಯಿತು.

ಆದರೆ ಅವರದೇ ಇನ್ನೊಂದು ಅಧ್ಯಯನ, 2013ರಲ್ಲಿ ಪ್ರಕಟವಾದದ್ದು, ಕಥೆಯ ಮುಂದಿನ ಭಾಗ ಹೇಳುತ್ತದೆ. ಮೊದಲ ನೋಟಕ್ಕೆ ಗೆಲ್ಲುವುದು ಎಲ್ಲರಂತಿರುವ ಕಾರು. ನೋಡುತ್ತಾ ನೋಡುತ್ತಾ, ಸ್ವಲ್ಪ ಬೇರೆಯಾಗಿರುವುದು ಅದನ್ನು ಹಿಂದೆ ಹಾಕುತ್ತದೆ. ಕ್ಲೌಸ್-ಕ್ರಿಸ್ಟಿಯನ್ ಕಾರ್ಬನ್ ಮತ್ತು ಹೆಲ್ಮುಟ್ ಲೆಡರ್ ಎಂಬ ಮನಶ್ಶಾಸ್ತ್ರಜ್ಞರು ಕಾರಿನ ಒಳಾಂಗಣದ ಚಿತ್ರಗಳನ್ನಿಟ್ಟು 2005ರಲ್ಲೇ ಇಂಥದ್ದನ್ನು ಕಂಡಿದ್ದರು. ತೀರಾ ಹೊಸ ಬಗೆಯ ವಿನ್ಯಾಸಗಳಿಗೆ ಜನ ಮೊದಲು ಕಡಿಮೆ ಅಂಕ ಕೊಟ್ಟರು. ಅವೇ ಚಿತ್ರಗಳನ್ನು ಮತ್ತೆ ಮತ್ತೆ, ಬೇರೆ ಬೇರೆ ಪ್ರಶ್ನೆ ಇಟ್ಟುಕೊಂಡು ಗಮನವಿಟ್ಟು ನೋಡಿಸಿದ ಮೇಲೆ ಅಂಕ ಏರಿತು. ಶೋರೂಮಿನಲ್ಲಿ ನಿಂತ ಐದು ನಿಮಿಷದಲ್ಲಿ ಹುಟ್ಟುವ ಇಷ್ಟವನ್ನು ನಾನು ಜಾಸ್ತಿ ನಂಬುವುದಿಲ್ಲ ಅನ್ನೋದಕ್ಕೆ ಇದೇ ಕಾರಣ.

ಹಾಗಂತ ವಿಚಿತ್ರವಾಗಿದ್ದರೆ ಸಾಕೇ? ಸಾಲದು. 1955ರ ಸಿಟ್ರೊಯೆನ್ ಡಿಎಸ್ ಎಂಬ ಫ್ರಾನ್ಸ್ ದೇಶದ ಕಾರನ್ನು ನೋಡಿ. ಆ ಕಾಲಕ್ಕೆ ಕ್ಯಾಡಿಲಾಕ್‌ಗಿಂತ ವಿಚಿತ್ರ. ಮೂಗಿನ ಮೇಲೆ ಗ್ರಿಲ್ ಇಲ್ಲ, ಗಾಳಿ ಬಂಪರಿನ ಕೆಳಗಿನಿಂದ ಒಳಗೆ ಹೋಗುತ್ತದೆ. ಹಿಂದಿನ ಚಕ್ರಗಳ ನಡುವಿನ ಅಂತರ ಮುಂದಿನದಕ್ಕಿಂತ 20 ಸೆಂಟಿಮೀಟರ್ ಕಡಿಮೆ. ಹಾಗಾಗಿ ಮೈ ಹಿಂದಕ್ಕೆ ಹೋಗುತ್ತಾ ಕಿರಿದಾಗುತ್ತದೆ, ಗಾಳಿ ನಯವಾಗಿ ಜಾರುತ್ತದೆ. ಹಿಂದಿನ ಇಂಡಿಕೇಟರುಗಳು ಚಾವಣಿಯ ಮೂಲೆಯಲ್ಲಿ, ದೂರದವರಿಗೂ ಕಾಣುವಷ್ಟು ಎತ್ತರದಲ್ಲಿವೆ. ಇಲ್ಲಿನ ಒಂದೊಂದು ವಿಚಿತ್ರಕ್ಕೂ ಒಂದು ಕೆಲಸವಿದೆ. ಅದು 1975ರವರೆಗೆ ತಯಾರಾಯಿತು. ಇವತ್ತು ನೋಡಿದರೂ ಹಳೆಯ ಕಾರು ಅನ್ನಿಸುವುದಕ್ಕಿಂತ ಬೇರೆಲ್ಲಿಂದಲೋ ಬಂದ ಕಾರು ಅನ್ನಿಸುತ್ತದೆ. ಕ್ಯಾಡಿಲಾಕ್ ರೆಕ್ಕೆಗೆ ಕೆಲಸ ಇರಲಿಲ್ಲ. ಜೆಟ್ ವಿಮಾನ ಹೊಸತಾಗಿದ್ದಾಗ ಮಾತ್ರ ಅದಕ್ಕೆ ಅರ್ಥವಿತ್ತು.

ನಾನು ಕಂಡಂತೆ ಕಾರಿನಲ್ಲಿ ಮೊದಲು ಮುಪ್ಪಾಗುವುದು, ಹೊಸದಾಗಿ ಕೈಗೆ ಸಿಕ್ಕ ತಂತ್ರವನ್ನು ತೋರಿಸಿಕೊಳ್ಳಲು ಬಿಡಿಸಿದ ಭಾಗ. ಹೆಡ್‌ಲೈಟುಗಳ ಇತಿಹಾಸ ನೋಡಿದರೆ ಇದು ಸ್ಪಷ್ಟ. ಅಂಬಾಸಡರ್, ಪದ್ಮಿನಿ ಕಾರುಗಳಿಗೆ ದುಂಡನೆಯ ಗಾಜಿನ ದೀಪ. ಬಲ್ಬಿನ ಬೆಳಕನ್ನು ರಸ್ತೆಗೆ ಹಂಚುವ ಕೆಲಸವನ್ನು ಆ ಗಾಜಿನ ಮೇಲಿನ ಗೀರುಗಳು ಮಾಡುತ್ತಿದ್ದವು. 1990ರ ದಶಕದಲ್ಲಿ, ಬೆಳಕನ್ನು ಬೇಕಾದ ಕಡೆ ತಿರುಗಿಸುವ ಕನ್ನಡಿಯ ಆಕಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಸಾಮಾನ್ಯವಾಯಿತು. ಗಾಜಿನ ಗೀರು ಬೇಡವಾಯಿತು. ಜೊತೆಗೆ ಗಾಜಿನ ಬದಲು ಪಾಲಿಕಾರ್ಬನೇಟ್ ಪ್ಲಾಸ್ಟಿಕ್ ಬಂತು. ಈಗ ದೀಪವನ್ನು ಯಾವ ಆಕಾರಕ್ಕೆ ಬೇಕಾದರೂ ಎಳೆಯಬಹುದು. ಎಲ್ಲರೂ ಎಳೆದರು. ಕಣ್ಣೀರ ಹನಿ, ಬಾದಾಮಿ, ಎಲೆ, ಬಾನೆಟ್ಟಿನ ಅರ್ಧಕ್ಕೆ ಏರಿದ ಬಾಲ, ಹೀಗೆ.

ಪೋರ್ಶ್ 911 ಕಾರು ಇದಕ್ಕೆ ಒಳ್ಳೆಯ ಸಾಕ್ಷಿ. 1963ರಲ್ಲಿ ತೋರಿಸಿದ ಅದರ ಆಕಾರದ ಮೂಲ ಗೆರೆ ಇವತ್ತಿಗೂ ಅದೇ. ದುಂಡನೆಯ ದೀಪಗಳೂ ಅದರ ಗುರುತು. 1997ರಲ್ಲಿ ಬಂದ ಪೀಳಿಗೆಯಲ್ಲಿ ಮಾತ್ರ ಹೆಡ್‌ಲೈಟ್ ಮತ್ತು ಇಂಡಿಕೇಟರ್ ಸೇರಿಸಿ ಒಂದೇ ಪ್ಲಾಸ್ಟಿಕ್ ಹೊದಿಕೆಯಡಿ ಇಟ್ಟರು. ಅಭಿಮಾನಿಗಳು ಅದನ್ನು ಹುರಿದ ಮೊಟ್ಟೆ ಎಂದು ಕರೆದರು. 2004ರ ಪೀಳಿಗೆಯಲ್ಲಿ ದುಂಡು ದೀಪ ವಾಪಸ್ ಬಂತು. ಇಷ್ಟು ವರ್ಷಗಳ 911ಗಳನ್ನು ಸಾಲಾಗಿ ನಿಲ್ಲಿಸಿದರೆ ನನ್ನ ಕಣ್ಣಿಗೆ ಅತಿ ಹಳೆಯದಾಗಿ ಕಾಣುವುದು 1963ರದ್ದಲ್ಲ, 1997ರದ್ದು.

ಪಾಲಿಕಾರ್ಬನೇಟಿಗೆ ಇನ್ನೊಂದು ಕಾಯಿಲೆ ಇದೆ. ಬಿಸಿಲಿನ ನೇರಳಾತೀತ ಕಿರಣಗಳು ಅದರ ಅಣುಗಳ ಬಂಧವನ್ನು ಒಡೆಯುತ್ತವೆ. ಅದನ್ನು ತಡೆಯಲು ಕಾರ್ಖಾನೆಯಲ್ಲಿ ಮೇಲೊಂದು ತೆಳು ಲೇಪ ಕೊಟ್ಟಿರುತ್ತಾರೆ. ಧೂಳು, ಮರಳು, ಬಿಸಿಲಿಗೆ ಆ ಲೇಪ ಸವೆದ ಮೇಲೆ ದೀಪ ಹಳದಿಯಾಗಿ ಮಂಕಾಗುತ್ತದೆ. ಉಜ್ಜಿ ಪಾಲಿಶ್ ಮಾಡಿಸಿದರೆ ಹೊಳಪು ಬರುತ್ತದೆ ನಿಜ. ಆದರೆ ಉಜ್ಜುವಾಗ ಉಳಿದ ಲೇಪವೂ ಹೋಗುತ್ತದೆ. ಆ ಕಿರಣ ತಡೆಯುವ ಲೇಪವನ್ನು ಹೊಸದಾಗಿ ಹಾಕಿಸದಿದ್ದರೆ ಮತ್ತೆ ಬೇಗ ಹಳದಿಯಾಗುತ್ತದೆ. ನಾವು ಕಾರಿನ ಮುಂಭಾಗವನ್ನು ಮುಖವಾಗಿ ನೋಡುತ್ತೇವೆ. ಆಸ್ಟ್ರಿಯಾ ಮತ್ತು ಇಥಿಯೋಪಿಯಾ ಎರಡೂ ಕಡೆ ನಡೆದ ಅಧ್ಯಯನದಲ್ಲಿ ಜನ ಕಾರಿನ ಮುಂಭಾಗದಲ್ಲಿ ವಯಸ್ಸು, ಗಡಸುತನದಂಥ ಗುಣಗಳನ್ನು ಹೆಚ್ಚುಕಡಿಮೆ ಒಂದೇ ರೀತಿ ಓದಿದರು. ಮುಖದಲ್ಲಿ ಕಣ್ಣು ಮಂಕಾದರೆ ಮೈ ಎಷ್ಟೇ ಚೆನ್ನಾಗಿದ್ದರೂ ಕಾರು ಸೋತಂತೆ ಕಾಣುತ್ತದೆ, ಅಲ್ವಾ?

ದೀಪ, ಕ್ರೋಮ್, ರೆಕ್ಕೆ ಎಲ್ಲ ತೆಗೆದುಹಾಕಿದ ಮೇಲೂ ಉಳಿಯುವುದು ಅಳತೆ. ಚಕ್ರ ಎಷ್ಟು ದೊಡ್ಡದು, ಎರಡು ಚಕ್ರಗಳ ನಡುವೆ ಎಷ್ಟು ಜಾಗ, ಚಕ್ರದಿಂದಾಚೆ ಮೈ ಎಷ್ಟು ಚಾಚಿದೆ, ತಗಡಿನ ಎತ್ತರಕ್ಕೆ ಗಾಜಿನ ಎತ್ತರ ಎಷ್ಟು. ಲಿಂಕನ್ ಗೆದ್ದದ್ದು ಇಲ್ಲಿ. ಅಳತೆ ಕೆಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ, ನಮ್ಮಲ್ಲೇ ಇದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಸಣ್ಣದು ಅಂದರೆ ಉದ್ದ 4 ಮೀಟರ್ ಮೀರಬಾರದು. ಎಂಜಿನ್‌ಗೂ ಮಿತಿ ಇತ್ತು, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ. ಡಿಕ್ಕಿ ಇರುವ ಕಾರು ಬೇಕು, ಆದರೆ ತೆರಿಗೆ ಸಣ್ಣ ಕಾರಿನದ್ದೇ ಇರಬೇಕು ಅನ್ನುವವರು ನಮ್ಮಲ್ಲಿ ಲಕ್ಷಗಟ್ಟಲೆ. 2008ರ ಮೊದಲ ಸ್ವಿಫ್ಟ್ ಡಿಸೈರ್ 4.16 ಮೀಟರ್ ಇತ್ತು. 2012ರಲ್ಲಿ ಬಂದ ಎರಡನೆಯದು 3.995 ಮೀಟರ್. ಒಳಗೆ ಐದು ಜನ ಕೂರಲೇಬೇಕು, ಎಂಜಿನ್‌ಗೆ ಜಾಗ ಬೇಕೇ ಬೇಕು. ಹಾಗಾಗಿ ಕತ್ತರಿ ಬಿದ್ದದ್ದು ಡಿಕ್ಕಿಗೆ. ಎತ್ತರದ ಚಾವಣಿ ಹಿಂದೆ ದಿಢೀರನೆ ಇಳಿದು ಮೊಟಕು ಡಿಕ್ಕಿಗೆ ಬಡಿಯುತ್ತದೆ. ಗಿಡ್ಡ ಮಂಚದಲ್ಲಿ ಕಾಲು ಮಡಚಿ ಮಲಗಿದವರ ಹಾಗೆ.

ಆ ಕಾರು ಚೆನ್ನಾಗಿ ಓಡಿತು, ಜೋರಾಗಿ ಮಾರಾಟವಾಯಿತು, ಸಾವಿರಾರು ಟ್ಯಾಕ್ಸಿ ಚಾಲಕರ ಸಂಸಾರ ನಡೆಸಿತು. ಅದಕ್ಕೆ ಗೌರವವಿದೆ. ಆದರೆ ರೂಪ ಬೇಗ ಸೋತಿತು. 2017ರ ಡಿಸೈರ್‌ನಲ್ಲಿ ಚಾವಣಿಯ ಗೆರೆಯನ್ನೇ ಡಿಕ್ಕಿಯ ಕಡೆಗೆ ಹರಿಯುವಂತೆ ಬಾಗಿಸಿದರು. ಉದ್ದ ಅದೇ 3.995 ಮೀಟರ್. ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ಎರಡು ಬೇರೆ ಕಾಲದ ಕಾರು ಅನ್ನಿಸುತ್ತವೆ.

ಬಿಡದಿಯಲ್ಲಿ ತಯಾರಾದ 2005ರ ಇನ್ನೋವಾ ಇದಕ್ಕೆ ಉಲ್ಟಾ. ಉದ್ದಕ್ಕೆ ಮಿತಿ ಹಾಕಿಕೊಳ್ಳದೆ ಮಾಡಿದ ಗಾಡಿ. ಮೂಗಿನ ತುದಿಯಿಂದ ಚಾವಣಿಯವರೆಗೆ ಒಂದೇ ಇಳಿಜಾರು, ಅಗಲವಾದ ಗಾಜು, ಸುಮ್ನೆ ಎಳೆದ ಗೆರೆ ಇಲ್ಲ. ನಡುವೆ ಬಂದ ಫೇಸ್‌ಲಿಫ್ಟುಗಳಲ್ಲಿ ಗ್ರಿಲ್ ಬದಲಾಯಿತು, ಕ್ರೋಮ್ ಹೆಚ್ಚಾಯಿತು. ಇವತ್ತು ರಸ್ತೆಯಲ್ಲಿ ಮೊದಲ ಇನ್ನೋವಾನೇ ಆಮೇಲಿನ ಕ್ರೋಮ್ ಇನ್ನೋವಾಗಳಿಗಿಂತ ಹೊಸದಾಗಿ ಕಾಣುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಈ ವಿಷಯವನ್ನು ಬಹಳ ಗಂಭೀರವಾಗಿ ತಲೆಗೆ ಹಚ್ಚಿಕೊಂಡವರು ಬ್ರೂನೋ ಸಾಕ್ಕೊ. ಇಟಲಿಯಲ್ಲಿ ಹುಟ್ಟಿ 1958ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸೇರಿದರು. 1975ರಿಂದ 1999ರವರೆಗೆ ಮರ್ಸಿಡಿಸ್ ಕಾರುಗಳ ರೂಪ ಅವರ ಕೈಯಲ್ಲಿತ್ತು. ಅವರ ಲೆಕ್ಕ ಹೀಗಿತ್ತು. ಒಂದು ಮರ್ಸಿಡಿಸ್ ದಶಕಗಳ ಕಾಲ ರಸ್ತೆಯಲ್ಲಿರುತ್ತದೆ. ಹಾಗಾಗಿ ಹೊಸ ಮಾಡೆಲ್ ಬಂದಾಗ ಹಳೆಯದು ಹಳಸಿದಂತೆ ಕಾಣಬಾರದು. ಅರ್ಲ್ ಹಿಡಿದ ದಾರಿಗೆ ಇದು ಪೂರ್ತಿ ವಿರುದ್ಧ. 1984ರ ಡಬ್ಲ್ಯು124 ಅವರ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ. ಗಾಳಿ ಸುಲಭವಾಗಿ ಜಾರಲಿ ಅಂತ ಅದರ ಹಿಂಭಾಗ ತುಸು ಕಿರಿದಾಗುತ್ತದೆ. ಸಾಮಾನು ಎತ್ತಿಡಲು ಅನುಕೂಲವಾಗಲಿ ಅಂತ ಡಿಕ್ಕಿಯ ಬಾಗಿಲು ಬಂಪರಿನ ಹತ್ತಿರದವರೆಗೂ ತೆರೆಯುತ್ತದೆ. ಗಾಜಿನ ಮೇಲ್ಮೂಲೆಗಳನ್ನೂ ಮುಟ್ಟಲಿ ಅಂತ ಅದರ ಒಂಟಿ ವೈಪರ್ ತಿರುಗುತ್ತಾ ಮೇಲೆ ಚಾಚಿ ಕೆಳಗಿಳಿಯುತ್ತದೆ. ಮರ್ಸಿಡಿಸ್ 1995ರಲ್ಲಿ ಪುಣೆಯಲ್ಲಿ ಜೋಡಿಸಲು ಶುರುಮಾಡಿದ್ದು ಇದೇ ಕಾರನ್ನು. ಆಗಲೇ ಅದರ ವಿನ್ಯಾಸಕ್ಕೆ ಹನ್ನೊಂದು ವರ್ಷ ತುಂಬಿತ್ತು, ನಮ್ಮ ಜನಕ್ಕೆ ಅದು ಗೊತ್ತೂ ಆಗಲಿಲ್ಲ.

ಕೆಲವು ಗುರುತುಗಳಿಂದ ಯಾವ ಡಿಸೈನರೂ ತಪ್ಪಿಸಿಕೊಳ್ಳಲಾರ. ಮಾರುತಿ 800ಕ್ಕೆ 12 ಇಂಚಿನ ಚಕ್ರ ಆಗ ಸಹಜವಾಗಿತ್ತು. ಈಗ 15, 16 ಇಂಚಿನ ಚಕ್ರಗಳ ನಡುವೆ ಅದು ಆಟಿಕೆಯಂತೆ ಕಾಣುತ್ತದೆ. ಪಾದಚಾರಿಗೆ ಡಿಕ್ಕಿಯಾದರೆ ತಲೆಗೆ ಪೆಟ್ಟು ಕಡಿಮೆಯಾಗಲಿ ಅಂತ ಬಾನೆಟ್ಟಿಗೂ ಎಂಜಿನ್‌ಗೂ ನಡುವೆ ಖಾಲಿ ಜಾಗ ಬಿಡಬೇಕಾಯಿತು. ಬಾನೆಟ್ ಮೇಲೇರಿತು. ಪಕ್ಕದ ಹೊಡೆತ ತಡೆಯಲು ಬಾಗಿಲು ದಪ್ಪವಾಯಿತು, ಕಿಟಕಿ ಕಿರಿದಾಯಿತು. ನಮ್ಮ ತಲೆಯೊಳಗಿನ ಸರಾಸರಿ ಕಾರು ಎತ್ತರವಾಗುತ್ತಾ ಹೋಯಿತು. ಇದು ಜೀವ ಉಳಿಸುವ ಬದಲಾವಣೆ, ಬೇಡ ಅನ್ನಲಾಗದು.

ಬೇಡ ಅನ್ನಬಹುದಾದದ್ದು ಬೇರೆ ಇದೆ. ಹಿಂಬದಿಯಲ್ಲಿ ಈ ತುದಿಯಿಂದ ಆ ತುದಿಗೆ ಎಳೆದ ಎಲ್‌ಇಡಿ ಪಟ್ಟಿ, ಡ್ಯಾಶ್‌ಬೋರ್ಡಿಗೆ ಟ್ಯಾಬ್ಲೆಟ್ ಅಂಟಿಸಿದಂತಿರುವ ಸ್ಕ್ರೀನ್, ಬೆರಳಚ್ಚು ಹಿಡಿಯುವ ಹೊಳಪು ಕಪ್ಪು ಪ್ಲಾಸ್ಟಿಕ್, ಬಾಯಿ ತೆರೆದಂಥ ಗ್ರಿಲ್. ಇವು ನಮ್ಮ ಕಾಲದ ರೆಕ್ಕೆಗಳು. ಅದರಲ್ಲೂ ಸ್ಕ್ರೀನ್ ಮೊದಲು ಸೋಲುತ್ತದೆ. ಮೊಬೈಲ್ ಫೋನಿನ ಜೊತೆ ಸ್ಪರ್ಧೆಗೆ ಇಳಿದ ವಸ್ತು ಹತ್ತು ವರ್ಷ ಹೊಸದಾಗಿರಲು ಸಾಧ್ಯವೇ ಇಲ್ಲ.

ಎಲೆಕ್ಟ್ರಿಕ್ ಕಾರುಗಳಲ್ಲಿ ಅಳತೆಯೇ ಬದಲಾಗುತ್ತಿದೆ, ಹಾಗಾಗಿ ನನಗೆ ಅವುಗಳ ಮೇಲೆ ವಿಶೇಷ ಕುತೂಹಲ. 2021ರ ಹ್ಯುಂಡೈ ಐಯಾನಿಕ್ 5 ಉದ್ದ 4.6 ಮೀಟರ್ ಚಿಲ್ಲರೆ, ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೇ 3 ಮೀಟರ್. ಬಾನೆಟ್ ಕೆಳಗೆ ದೊಡ್ಡ ಎಂಜಿನ್ ಇಲ್ಲದ್ದರಿಂದ ಚಕ್ರಗಳನ್ನು ಮೂಲೆಗೆ ತಳ್ಳಲು ಸಾಧ್ಯವಾಯಿತು. ಅದರ ನೇರ ಗೆರೆಗಳಲ್ಲಿ, ಇಟಲಿಯ ಡಿಸೈನರ್ ಜಾರ್ಜೆತ್ತೊ ಜುಜಾರೊ ಹ್ಯುಂಡೈಗಾಗಿ ಬಿಡಿಸಿದ 1974ರ ಪೋನಿ ಕೂಪೆಯ ನೆನಪಿದೆ. ಆ ಅಳತೆ ಉಳಿಯುತ್ತದೆ, ಅದರ ಚೌಕ ಚೌಕದ ಪಿಕ್ಸೆಲ್ ದೀಪಗಳು ಅಷ್ಟು ಕಾಲ ಬಾಳುವುದಿಲ್ಲ ಅನ್ನೋದು ನನ್ನ ಊಹೆ. ಇನ್ನೊಂದು ತೊಂದರೆ ನೆಲದ ಕೆಳಗಿನ ಬ್ಯಾಟರಿಯದ್ದು. ಅದರ ದಪ್ಪದಿಂದ ಇಡೀ ಮೈ ಮೇಲೇರುತ್ತದೆ. ಆ ಎತ್ತರ ಕಣ್ಣಿಗೆ ಹೊಡೆಯದಿರಲಿ ಅಂತ ಬಾಗಿಲ ಕೆಳಗೆ ಕಪ್ಪು ಪಟ್ಟಿ ಹಾಕುತ್ತಾರೆ, 19, 20 ಇಂಚಿನ ಚಕ್ರ ಕೊಡುತ್ತಾರೆ. ಬ್ಯಾಟರಿ ತೆಳುವಾಗಿ ಕಾರುಗಳು ಮತ್ತೆ ನೆಲಕ್ಕೆ ಇಳಿದರೆ, ಈ ಕಪ್ಪು ಪಟ್ಟಿ ನೋಡಿಯೇ ಜನ ಕಾರಿನ ವರ್ಷ ಹೇಳುತ್ತಾರೆ.