ಅರ್ಕಾನ್ಸಾಸ್‌ನ ಇಶ್ಯೂ 3: ರೈಲು ಸಾಲದ ಕಾಲದಿಂದ ಬಂದ ಜಗಳ

2016ರ ನವೆಂಬರ್ 8ರಂದು ಎಲ್ರೂ ಟ್ರಂಪ್-ಹಿಲರಿ ಅಂತ ಟಿವಿ ಮುಂದೆ ಕೂತಿದ್ದಾಗ ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಬ್ಯಾಲೆಟ್‌ನಲ್ಲಿ "ಇಶ್ಯೂ 3" ಅಂತ ಒಂದು ಸಂವಿಧಾನ ತಿದ್ದುಪಡಿನೂ ಇತ್ತು. ಉದ್ಯಮ ಬೆಳೆಸೋಕೆ ಅಂತ ಸಿಟಿ, ಕೌಂಟಿಗಳು (ನಮ್ಮ ಜಿಲ್ಲೆ ಥರ) ತೆರಿಗೆ ದುಡ್ಡನ್ನ ಖಾಸಗಿಯವ್ರಿಗೆ ಕೊಡ್ಬಹುದಾ ಅನ್ನೋದು ಅದರ ಒಂದು ಮುಖ್ಯ ಪ್ರಶ್ನೆ, ಸುಮಾರು 65% ಜನ ಹೂಂ ಅಂದ್ರು.

ಅಲ್ಲೀತನಕ ಯಾಕೆ ಕೊಡೋ ಹಾಗಿರ್ಲಿಲ್ಲ? ಅಂತರ್ಯುದ್ಧ ಮುಗಿದ್ಮೇಲೆ ರಾಜ್ಯ ಸರ್ಕಾರ ರೈಲು ಕಂಪನಿಗಳಿಗೆ ಬಾಂಡ್, ಅಂದ್ರೆ ಸಾಲಪತ್ರ, ಬರೆದುಕೊಡ್ತು, ಕಂಪನಿಗಳು ಕೈ ಎತ್ತಿದ್ವು, ಸಾಲದ ಹೊರೆ ರಾಜ್ಯದ ತಲೆಗೆ ಬಂತು. ಇಂಥ ಪೆಟ್ಟು ತಿಂದ ಕಾಲದಲ್ಲೇ ಬರೆದದ್ದು 1874ರ ಸಂವಿಧಾನ. ಅದರ 12ನೇ ವಿಧಿ, 5ನೇ ಸೆಕ್ಷನ್ ಓದಿದ್ರೆ ಆ ಭಯ ಗೊತ್ತಾಗುತ್ತೆ: ಯಾವ ಕೌಂಟಿನೂ ಯಾವ ಊರೂ ಕಂಪನಿಗಳ ಷೇರು ತಗೊಳ್ಳಂಗಿಲ್ಲ, ಕಂಪನಿಗಾಗ್ಲಿ ಸಂಘಕ್ಕಾಗ್ಲಿ ವ್ಯಕ್ತಿಗಾಗ್ಲಿ ದುಡ್ಡು ಕೊಡಂಗಿಲ್ಲ, ಸಾಲಕ್ಕೆ ಜಾಮೀನು ನಿಲ್ಲಂಗಿಲ್ಲ.

ಆಮೇಲೆ ಒಂದೊಂದೇ ಕಿಂಡಿ ಬಿತ್ತು. 1958ರ ತಿದ್ದುಪಡಿಯಲ್ಲಿ ಊರಿನ ಜನ ಓಟ್ ಹಾಕಿ ಒಪ್ಪಿದ್ರೆ ಕಾರ್ಖಾನೆಗೆ ಬಾಂಡ್ ಎತ್ತಬಹುದು ಅಂತಾಯ್ತು (ಜನರನ್ನ ಕೇಳ್ತಿದ್ರಲ್ಲ, ಅದು ನಂಗೆ ಸರಿ ಅನ್ಸುತ್ತೆ). 2004ರಲ್ಲಿ ರಾಜ್ಯಕ್ಕೇ ದೊಡ್ಡ ಪ್ರಾಜೆಕ್ಟ್‌ಗಳಿಗೆ ಬಾಂಡ್ ಎತ್ತೋ ಅಧಿಕಾರ ಸಿಕ್ತು, ಆದ್ರೆ ಆ ಸಾಲ ರಾಜ್ಯದ ಆದಾಯದ 5% ದಾಟಬಾರ್ದು ಅಂತ. 2013ರಲ್ಲಿ ಬಿಗ್ ರಿವರ್ ಸ್ಟೀಲ್ ಅನ್ನೋ ಉಕ್ಕಿನ ಕಾರ್ಖಾನೆಗೆ 12.5 ಕೋಟಿ ಡಾಲರ್ ಹೋಗಿದ್ದು ಈ ದಾರೀಲೇ.

ಕಿಡಿ ಹತ್ತಿದ್ದು ಮಾತ್ರ ಸಣ್ಣ ಮೊತ್ತಕ್ಕೆ. ರಾಜಧಾನಿ ಲಿಟಲ್ ರಾಕ್ ಸಿಟಿ ಪ್ರತಿ ವರ್ಷ 2 ಲಕ್ಷ ಡಾಲರ್ ಅಲ್ಲಿನ ವ್ಯಾಪಾರಿಗಳ ಸಂಘಕ್ಕೆ, ಅಂದ್ರೆ ಚೇಂಬರ್ ಆಫ್ ಕಾಮರ್ಸ್‌ಗೆ, ಕೊಡ್ತಿತ್ತು, ಅದು ಸೇವೆಗೆ ಕೊಡೋ ಫೀಸು ಅನ್ನೋದು ಸಿಟಿಯ ವಾದ. ತೆರಿಗೆ ಕಟ್ಟೋ ಕೆಲವ್ರು ಕೋರ್ಟಿಗೆ ಹೋದ್ರು, 2015ರ ಜನವರಿಯಲ್ಲಿ ಜಡ್ಜ್ ಮ್ಯಾಕಿ ಪಿಯರ್ಸ್ ಇದು ಸಂವಿಧಾನಕ್ಕೆ ವಿರುದ್ಧ ಅಂದ್ರು.

ತೀರ್ಪು ಬಂದ ವರ್ಷವೇ ಶಾಸನಸಭೆ ಇಶ್ಯೂ 3ನ ಜನರ ಮುಂದಿಡೋಕೆ ಒಪ್ಪಿಗೆ ಕೊಡ್ತು. ಇಲ್ಲೇ ನನ್ನ ತಕರಾರು. ಚೇಂಬರ್‌ಗೆ ದುಡ್ಡು ಕೊಡೋ ವಿಷಯ, ಊರುಗಳ ಬಾಂಡ್ ಅಧಿಕಾರ ಹಿಗ್ಗಿಸೋದು, ರಾಜ್ಯದ ಆ 5% ಮಿತಿ ಕಿತ್ತುಹಾಕೋದು, ಮೂರನ್ನೂ ಒಂದೇ ಪ್ರಶ್ನೆಗೆ ಕಟ್ಟಿ ಒಂದೇ ಓಟ್ ಕೇಳಿದ್ರು. ಕಾರ್ಖಾನೆ ಬರ್ಲಿ ಆದ್ರೆ ಸಾಲಕ್ಕೆ ಮಿತಿ ಇರ್ಲಿ ಅನ್ನೋನು ಎಲ್ಲಿ ಗುರುತು ಹಾಕ್ಬೇಕು?

ಈಗ ಅದು 97ನೇ ತಿದ್ದುಪಡಿ. 1874ರ ಆ ನಿಷೇಧ ಇನ್ನೂ ಅಲ್ಲೇ ಇದೆ, ಅದರ ಕೆಳಗೆ "ಆದರೆ" ಅಂತ ಶುರುವಾಗೋ ಹೊಸ ಸಾಲು ಸೇರಿದೆ.